ಮೂರನೇ ಅಂತಸ್ತಿನ ಜಿಡ್ಡು

ಐದನೇ ದಿನವೂ ವಾರ್ನಿಶ್ ಹಿಡಿಯಲಿಲ್ಲ.
ಬಳಿದದ್ದೆಲ್ಲ ಕೋಸಿನೆಲೆಯ ಮೇಲಿನ ಇಬ್ಬನಿಯಂತೆ
ಹನಿಹನಿಯಾಗಿ ಒಡೆದು,
ಬೆಳಗಾಗುವುದರೊಳಗೆ ಸಿಪ್ಪೆ ಎದ್ದಿತ್ತು.

ರೂಬೆ ಊರಿನ ಈ ಉಣ್ಣೆ ಗೋದಾಮಿಗೆ
ನೂರಿಪ್ಪತ್ತು ವರ್ಷ.
ಯಾವ ಯಾವ ಸಮುದ್ರದಾಚೆಯ ಕುರಿಗಳೋ
ಮೈ ತೊಳೆಯದೆ ಬಂದು
ಓಕ್ ಹಲಗೆಯೊಳಗೆ ಬೆವರು ಬಿಟ್ಟು ಹೋಗಿವೆ.
ಮರಳುಕಾಗದದಲ್ಲಿ ಉಜ್ಜಿದಷ್ಟೂ ನೆಲ ಬಿಸಿಯೇರಿ
ಕುರಿಹಟ್ಟಿಯ ವಾಸನೆ ಏಳುತ್ತದೆ.

'ಕನ್ನಡಿ ಹಾಗೆ ಹೊಳೀಬೇಕು, ಮೊಕ್ರಾನ್'
ಎನ್ನುತ್ತಾಳೆ ವಾಸ್ತುಶಿಲ್ಪಿ ಮಾಯೆಲಿಸ್.
ನಕ್ಷೆಯಲ್ಲಿ ಇದು ಹನ್ನೊಂದನೇ ಲಾಫ್ಟ್:
ಇಲ್ಲಿ ಮಂಚ, ಅಲ್ಲಿ ಕುಂಬಾರ ಚಕ್ರ,
ನಡುವೆ ಗೋಡೆಯಿಲ್ಲ.
'ಬದುಕೂ ಕೆಲಸವೂ ಒಂದೇ ಸೂರಿನಡಿ'
ಹೊರಗೆ ಬ್ಯಾನರು, ಕೆಳಗೆ ಬೆಲೆ.

ಅರೆಜ್ಕಿ ಚಿಕ್ಕಪ್ಪ ಅಲ್ಜೀರಿಯಾದಿಂದ ಬಂದ ಹೊಸತು.
ಒಂದು ಜನವರಿ ರಾತ್ರಿ
ಬಾಡಿಗೆ ಕೋಣೆಯ ಕೊಳಾಯಿ ಹೆಪ್ಪುಗಟ್ಟಿ
ಇದೇ ಕಿಟಕಿಯ ಕೆಳಗೆ
ಎರಡು ಮೂಟೆಗಳ ಸಂದಿಯಲ್ಲಿ ಮಲಗಿದ.
ಮೇಸ್ತ್ರಿ ಬೂಟಿನ ತುದಿಯಿಂದ ಎಬ್ಬಿಸಿದ.
ಎರಡು ದಿನದ ಕೂಲಿ ಕಡಿತ.
ಚೀಟಿಯಲ್ಲಿ ಕಾರಣ: ಗೋದಾಮಿನಲ್ಲಿ ವಾಸ.
ಸಾಯುವತನಕ ಅದನ್ನು
ಸಿಗರೇಟಿನ ತಗಡು ಡಬ್ಬಿಯಲ್ಲಿಟ್ಟುಕೊಂಡಿದ್ದ.
ತಮಾಷೆಗೋ ಸಿಟ್ಟಿಗೋ,
ನಾನು ಕೇಳಲಿಲ್ಲ.

ಕಂಬದ ಮೇಲಿನ ಸೀಮೆಸುಣ್ಣದ ಗೆರೆಗಳಿಗೆ
ಈಗ ಗಾಜು ಹೊದಿಸಿದ್ದಾರೆ,
ಮೂಟೆಗಳ ಲೆಕ್ಕ ಎಂದು ಪಕ್ಕದಲ್ಲೊಂದು ಫಲಕ.
ಮೊನ್ನೆ ನೋಡಲು ಬಂದ ಒದಿಲ್ ಮುದುಕಿ,
ಮೂವತ್ತು ವರ್ಷ ಇಲ್ಲಿ ಉಣ್ಣೆ ವಿಂಗಡಿಸಿದವಳು,
ಗಾಜಿನ ಮೇಲೆ ಬೆರಳಾಡಿಸಿ
ಕೆಮ್ಮು ಬರುವಷ್ಟು ನಕ್ಕಳು.
'ಡೊಮಿನೋ ಆಟದ ಲೆಕ್ಕ ಕಣೋ ಇದು!
ಈ ಸಾಲು ನನ್ನದು. ಸೋತ ಸಾಲು ನಿನ್ನ ಚಿಕ್ಕಪ್ಪಂದು.'
ಆಮೇಲೆ ಬೂಟು ಕಳಚಿ
ಬರಿಗಾಲಲ್ಲಿ ನೆಲದ ಮೇಲೆ ನಿಂತಳು, ಸ್ವಲ್ಪ ಹೊತ್ತು.
'ಈ ಜಿಡ್ಡಿಗೇ ನೋಡು,
ಯಾವ ಚಳಿಗಾಲಕ್ಕೂ ನಮ್ಮ ಕೈ ಒಡೀತಿರಲಿಲ್ಲ.'

ಫಲಕ ಹಾಗೇ ಇದೆ.

ಆರನೇ ದಿನ ಬಿಸಿನೀರಿಗೆ ಸೋಡಾ ಕಲಸಿ
ಮೊಣಕಾಲೂರಿ ತಿಕ್ಕಿದೆ.
ಹಿಡಿಯಿತು. ಹೊಳೆಯಿತು.
ಮಾಯೆಲಿಸ್ ತನ್ನ ಮುಖ ನೋಡಿಕೊಂಡಳು.
ಕಿಟಕಿಯ ಕೆಳಗೆ ಮಾತ್ರ, ಮಂಚ ಬಂದು ಮುಚ್ಚುವಲ್ಲಿ,
ಆಳುದ್ದ ಜಾಗ ಮುಟ್ಟದೆ ಬಿಟ್ಟಿದ್ದೇನೆ.

ಬಿಲ್ಲಿನಲ್ಲಿ ಎರಡು ದಿನದ ಕೂಲಿ ಹೆಚ್ಚು ಬರೆದೆ.
ಕಾರಣದ ಕಡೆ ಬರೆದದ್ದು: ಜಿಡ್ಡು.