ಹೊಟ್ಟೆಗೆ ಹಾಕಿಕೊಂಡದ್ದು

ಗಣಿ ಮುಚ್ಚಿದಾಗ ನಾನಿನ್ನೂ ಹುಟ್ಟಿರಲಿಲ್ಲ.
ಅವರು ಬಿಟ್ಟುಹೋದ ಕಪ್ಪು ದಿಬ್ಬ ಮಾತ್ರ
ಆಗಸ್ಟ್ ಬಂತೆಂದರೆ ಗಾಳಿಯ ಹೆಗಲೇರಿ
ನಮ್ಮ ಅಂಗಳಕ್ಕೆ ಬರುತ್ತದೆ:
ಒಣಹಾಕಿದ ಬಟ್ಟೆಗೆ,
ಮೆಕ್ಕೆಜೋಳದ ನ್ಶಿಮಾ ಮುದ್ದೆಗೆ,
ಲುಶೊಮೋನ ಬೆರಳಿಗೆ.

ಮೂರು ವರ್ಷದವನು, ಬೆರಳು ಚೀಪುತ್ತಾನೆ.
ದವಾಖಾನೆಯ ನರ್ಸ್ ಅವನ ರಕ್ತದ ಚೀಟಿಯನ್ನು
ನಾಲ್ಕು ಮಡಿಕೆ ಮಾಡಿ ಕೊಟ್ಟಳು,
ಮಡಿಕೆ ಹೆಚ್ಚಿದರೆ ಅಂಕಿ ಕಡಿಮೆಯಾಗುವಂತೆ.

ಈಗ ದಿನಗೂಲಿಗೆ ದಿಬ್ಬದ ಮೇಲೆ ಲಾವಂಚ ನೆಡುತ್ತೇನೆ.
ಸುಣ್ಣ ಒಂದು ಬುಟ್ಟಿ, ಕೋಳಿಗೊಬ್ಬರ ಎರಡು,
ಗೇಣಿಗೊಂದು ಸಸಿ, ಮೂಗಿಗೆ ಬಟ್ಟೆ.
ಮೇಸ್ತ್ರಿ ಮುಸೊಂಡ ಹೇಳುತ್ತಾನೆ:
ಈ ಹುಲ್ಲು ಸೀಸವನ್ನು ಗರಿಗೆ ಏರಿಸುವುದು ಕಡಿಮೆ,
ಬೇರಿನಲ್ಲೇ ಹಿಡಿದಿಡುತ್ತದೆ,
ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಳ್ಳುತ್ತದೆ.
ಎಷ್ಟು ವರ್ಷ? ಎಂದೆ.
ಆತ ಹಾರೆಗೆ ಅಂಟಿದ ಮಣ್ಣು ಕೆರೆಯುತ್ತ ನಿಂತ.

ಮೊದಲ ಸಾಲು ಸತ್ತಿತು. ಎರಡನೆಯದೂ.
ಮೂರನೆಯದರಲ್ಲಿ ಹನ್ನೊಂದು ಬುಡ ಉಳಿದು
ಮಳೆಗೆ ಸೊಂಟದೆತ್ತರ ಬಂದವು.
ಮೊನ್ನೆ ಗಾಳಿ ಅಲ್ಲಿ ತಡವರಿಸಿದ್ದನ್ನು ಕಂಡೆ,
ಹೊಸಿಲಲ್ಲಿ ಚಪ್ಪಲಿ ಬಿಡುವವರ ಹಾಗೆ.

ನಿನ್ನೆ ಸಂಜೆ ಮನೆಯೊಳಗೆ ಏನೋ ಘಮ.
ಅಜ್ಜಿ ನಮ್ವಿಂಗಳ ತಗಡಿನ ಪೆಟ್ಟಿಗೆ ತೆರೆದೆ.
ಹೂವಿನ ಚಿಟೆಂಗೆ ಬಟ್ಟೆಗಳ ನಡುವೆ
ದಾರ ಸುತ್ತಿದ ಬೇರಿನ ಕಟ್ಟು.
ಕುಡಿಯುವ ನೀರಿನ ಕೊಡದಲ್ಲೂ ನಾಲ್ಕು ಎಳೆ.
"ಎಷ್ಟು ತಂಪು, ಮೂಸಿ ನೋಡು," ಎಂದಳು,
"ನಿಮ್ಮ ದಿಬ್ಬದೊಳಗೆ ಇಂಥದ್ದೂ ಇತ್ತೇ!"

ಕಿರುಚಿದೆ. ಕೊಡ ಎತ್ತಿ ಬಾಗಿಲಿಗೆ ಓಡಿದೆ.
ಎಲ್ಲಿಗೆ ಚೆಲ್ಲಲಿ?
ಅಂಗಳದಲ್ಲಿ ಲುಶೊಮೋ ಆಡುತ್ತಾನೆ,
ಬೇಲಿಯಾಚೆ ಬೇರೆಯವರ ಮಕ್ಕಳು.
ಕತ್ತಲಲ್ಲಿ ದಿಬ್ಬಕ್ಕೇ ಹೊತ್ತು ನಡೆದೆ.
ಕೈಯಿಂದ ಮುಟ್ಟಿ ಎಣಿಸಿದೆ: ಹತ್ತು ಬುಡ,
ಆಮೇಲೆ ಒಂದು ಗುಂಡಿ.
ಬೇರು ಹೂತು ನೀರು ಹೊಯ್ದೆ.

ಹಿಂದೆಯೇ ಬಂದಿದ್ದಳು ಅಜ್ಜಿ, ಬರಿಗಾಲಲ್ಲಿ.
"ನನಗೆ ಯಾರು ಹೇಳಿದ್ದರು?
ಹೋಗಲಿ, ಹೊಟ್ಟೆಗೆ ಹಾಕಿಕೊ," ಎಂದಳು.
ಇನ್ನೆಷ್ಟು, ಅಜ್ಜಿ, ಎನ್ನಬೇಕೆಂದಿದ್ದೆ.

ಮನೆಗೆ ಬಂದು ಮೊಣಕೈವರೆಗೆ ತೊಳೆದುಕೊಂಡೆ,
ಅವಳ ಉಗುರುಗಳನ್ನು ಕಡ್ಡಿಯಿಂದ ಒಂದೊಂದಾಗಿ,
ನಿದ್ದೆಹೋದವನ ಹತ್ತೂ ಬೆರಳುಗಳನ್ನು,
ಎಚ್ಚರವಾಗದ ಹಾಗೆ.
ತೊಳೆದ ನೀರನ್ನು ಬಕೆಟ್ಟಿನಲ್ಲಿಟ್ಟು
ತಟ್ಟೆ ಮುಚ್ಚಿ, ಮೇಲೊಂದು ಇಟ್ಟಿಗೆ ಹೇರಿದ್ದೇನೆ.
ನಾಳೆ ಆ ಗುಂಡಿಯಲ್ಲಿ
ಇನ್ನೊಂದು ಸಸಿ ಇಡಬೇಕು.