ಮುಕ್ಕಾಲು ಸುತ್ತು

ಟಿಬಿಲಿಸಿಯ ಎಲಿಯಾವಾ ಸಂತೆ, ನದಿಗೆ ಬೆನ್ನು ಕೊಟ್ಟ ಸಾಲು,
ಹದಿನೇಳನೇ ತಗಡಿನ ಶೆಡ್ಡು ನನ್ನದು.
ಬೋರ್ಡಿಲ್ಲ. ಗೊದೆರ್ಡ್ಜಿ ಎಲ್ಲಿ ಅಂದರೆ
ಕಾರಿನಡಿಯಿಂದ ಚಾಚಿದ ಎರಡು ಬೂಟು ತೋರಿಸುತ್ತಾರೆ.

ಇವತ್ತು ಬಂದದ್ದು ಲಮಾರಾಳ ಬೆಳ್ಳಿ ಬಣ್ಣದ ವ್ಯಾನು,
ಎಂದೋ ಜಪಾನಿನಿಂದ ಪೋತಿ ಬಂದರಿಗೆ ಬಂದಿಳಿದದ್ದು.
ಸ್ಟಿಯರಿಂಗು ಬಲಕ್ಕೆ. ನಮ್ಮ ಊರಲ್ಲಿ ಅದು ತಪ್ಪು ಬದಿ.
ಶಾಲೆಯ ಮಕ್ಕಳನ್ನು ಹೇರಿಕೊಂಡು ತಿರುಗುತ್ತಾಳೆ.
"ಬರೀ ಎಣ್ಣೆ ಬದಲಿಸೋದು ತಾನೆ, ಅರ್ಧ ಗಂಟೆ?
ಮೂರಕ್ಕೆ ಶಾಲೆ ಬಿಡುತ್ತೆ."
ಬರೀ ಅನ್ನುವ ಮಾತಿಗೆ ನಾನು ಉತ್ತರ ಕೊಡುವುದಿಲ್ಲ.

ಎಣ್ಣೆ ಪಾಪ, ತಾನೇ ಇಳಿಯುತ್ತದೆ,
ಕಪ್ಪಗೆ, ಬೆಚ್ಚಗೆ, ಯಾರನ್ನೂ ಕಾಯಿಸದೆ.
ಫಿಲ್ಟರು ಹಾಗಲ್ಲ.
ಎಂಜಿನ್ನಿಗೂ ಅದರ ಹಿಂದಿನ ತಗಡಿಗೂ ನಡುವೆ,
ಹೊಗೆಕೊಳವೆಯ ಬಗಲಲ್ಲಿ, ಆಕ್ಸಲ್ ದಂಡದ ನೆತ್ತಿಯ ಮೇಲೆ
ಮುನಿಸಿಕೊಂಡು ಅಟ್ಟ ಹತ್ತಿದ ಮಗುವಿನಂತೆ ಕೂತಿದೆ.
ಮೇಲಿನಿಂದ ಬಗ್ಗಿದರೆ ಕಾಣುತ್ತದೆ, ಕೈ ಹೋಗದು.
ಕೆಳಗಿನಿಂದ ಕೈ ಹೋಗುತ್ತದೆ, ಕಾಣದು.
ಮೊಣಕೈಗೆ ಬೆಲ್ಲ ಸವರಿ ನೆಕ್ಕು ಅಂದವರು ಯಾರೋ!

ಇದನ್ನು ಬರೆದ ಮನುಷ್ಯನನ್ನು ಆಗಾಗ ನೆನೆಯುತ್ತೇನೆ.
ಇಸ್ತ್ರಿ ಮಾಡಿದ ಅಂಗಿ. ಚೂಪು ಪೆನ್ಸಿಲು.
ಅವನ ಕಾಗದದಲ್ಲಿ ಫಿಲ್ಟರಿನ ಸುತ್ತ
ಬೇಕಾದಷ್ಟು ಬಿಳಿ ಜಾಗ.
ಅವನ ಕೈಯಲ್ಲಿ ಒಂದು ತರಚೂ ಇಲ್ಲವೆಂದು
ನನಗೇನೂ ಹೊಟ್ಟೆಕಿಚ್ಚಿಲ್ಲ.
ಇದೆ.

ಬೆಲ್ಟಿನ ಪಾನಾ ಹಾಕಿದೆ, ಜಾರಿತು.
ಉಪ್ಪುಕಾಗದ ಸುತ್ತಿ ಹಿಡಿದೆ, ಕಾಗದ ಹರಿಯಿತು.
ಸ್ಕ್ರೂಡ್ರೈವರ್ ಬಡಿದು ಹೊಟ್ಟೆ ತೂತು ಮಾಡಿ ತಿರುಗಿಸಬಹುದು,
ಆದರೆ ಅದು ಮಾತೆಲ್ಲ ಮುಗಿದ ಮೇಲಿನ ದಾರಿ.
ಮೂವತ್ತು ವರ್ಷದಲ್ಲಿ ನನ್ನ ಬೆರಳ ಗಿಣ್ಣುಗಳು
ಆಕ್ರೋಡಿನಷ್ಟಾಗಿವೆ. ಕೊಳವೆ ಇನ್ನೂ ಬಿಸಿ.
ಮಣಿಕಟ್ಟು ಸುಟ್ಟಾಗ ಶೆಡ್ಡು ಅದುರುವಂತೆ ಕೂಗಿದೆ:
"ಯಾವ ಬಡ್ಡೀಮಗ ಇದನ್ನು ಹೀಗೆ ಬಿಗಿದವನು!"

"ಮಾವ, ಸ್ವಲ್ಪ ಸರಿ," ಅಂದಳು ಎತೆರಿ.
ಅಕ್ಕನ ಮಗಳು. ಹತ್ತೊಂಬತ್ತು. ನಾಲ್ಕು ತಿಂಗಳಿಂದ
ಪಾನಾ ಎತ್ತಿಕೊಡುವುದಷ್ಟೇ ಅವಳ ಕೆಲಸ,
ಅಂತ ನಾನು ತೀರ್ಮಾನಿಸಿದ್ದೆ.
ಕಣ್ಣು ಮುಚ್ಚಿದಳು. ತೋಳು ಒಳಕ್ಕಿಳಿಯಿತು,
ಮಣಿಕಟ್ಟು, ಮೊಣಕೈ, ಆಮೇಲೆ ಅರ್ಧ ಭುಜ.
ಹಸುವಿನ ಹೆರಿಗೆಗೆ ಕೈಹಾಕಿದವಳ ಮುಖ.
ಎಷ್ಟು ಹೊತ್ತೋ.
ನದಿಯಾಚೆ ಯಾವುದೋ ಲಾರಿ ಹಾರ್ನು ಹೊಡೆಯಿತು.
ಕಿರ್ ಅಂದಿತು ಒಂದು ಸಣ್ಣ ದನಿ,
ಹಳೆಯ ಎಣ್ಣೆ ಅವಳ ತೋಳಿನುದ್ದಕ್ಕೂ ಹರಿದು
ಕಂಕುಳ ಸೇರಿತು. ನಕ್ಕಳು.

ಹೊರಬಂದ ಡಬ್ಬಿಯನ್ನು ಚಿಂದಿಯಲ್ಲಿ ಒರೆಸಿದೆವು.
ಬಿಳಿ ಬಣ್ಣದ ಪೆನ್ನಿನಲ್ಲಿ ಹೋದ ನವೆಂಬರಿನ ತಾರೀಕು,
ಓಡಿದ ಕಿಲೋಮೀಟರು,
ಕೆಳಗೆ ದುಂಡಗೆ ಒಂದೇ ಅಕ್ಷರ. ನನ್ನದು.

ನೆನಪಾಯಿತು. ಅವತ್ತು ಶೆಡ್ಡಿನ ಬಾಡಿಗೆ ಏರಿಸಿದ್ದರು.
ಮಾಲೀಕನೆದುರು ನುಂಗಿಕೊಂಡ ಮಾತನ್ನೆಲ್ಲ
ಈ ಮರೆಗೆ ಸುತ್ತಿದ್ದೆ, ಸುತ್ತಿನ ಮೇಲೆ ಸುತ್ತು.
ಈಗ ಕೊಟ್ಟ ಬೈಗುಳ ನೆಟ್ಟಗೆ ಹೋಗಿ
ಸತ್ತ ನಮ್ಮವ್ವನಿಗೇ ತಟ್ಟಿತು.
ಎತೆರಿ ಅಕ್ಷರ ನೋಡಿದಳು, ನನ್ನನ್ನು ನೋಡಿದಳು,
ಏನೂ ಅನ್ನಲಿಲ್ಲ. ಅವರಮ್ಮನಾಗಿದ್ದರೆ ಅನ್ನುತ್ತಿದ್ದಳು.

ಹೊಸದನ್ನು ಅವಳ ಕೈಗೇ ಕೊಟ್ಟೆ.
ರಬ್ಬರಿನ ಬಳೆಗೆ ಬೆರಳಲ್ಲಿ ಎಣ್ಣೆ ಸವರು.
ಪಾನಾ ಬೇಡ. ಬಳೆ ತಾಗುವವರೆಗೆ ತಿರುಗಿಸು,
ತಾಗಿದ ಮೇಲೆ ಮುಕ್ಕಾಲು ಸುತ್ತು.
"ಅಷ್ಟೇನಾ? ಸೋರಿದರೆ?"
ಅಷ್ಟೇ. ಇನ್ನೊಂದು ಕೈ ಬರಲಿಕ್ಕಿದೆ ಅಲ್ಲಿಗೆ.
ಹಾಕುವ ಮುಂಚೆ ಬಿಳಿ ಪೆನ್ನು ಕೇಳಿ ಇಸಕೊಂಡಳು,
ನನಗೆ ಮರೆಮಾಡಿ ಏನೋ ಬರೆದಳು,
ತಾರೀಕಿಗಿಂತ ಉದ್ದ.

ಮೂರೂಕಾಲು. ಲಮಾರಾ ಫೋನಿನಲ್ಲಿ ಯಾರಿಗೋ
ಮಕ್ಕಳನ್ನು ಗೇಟಿನ ಒಳಗೇ ನಿಲ್ಲಿಸಿ ಅನ್ನುತ್ತಿದ್ದಳು.
"ಅರ್ಧ ಗಂಟೆ ಅಂದಿದ್ದೆ" ಅಂತ ನನ್ನ ಮುಖ ನೋಡಿದಳು.
ಅರ್ಧ ಗಂಟೆಯ ಕೂಲಿಯನ್ನೇ ತೆಗೆದುಕೊಂಡೆ.
ಉಳಿದ ಎರಡು ಗಂಟೆ
ಹೋದ ವರ್ಷದ ಲೆಕ್ಕ.