ಮನೆ ನಂಬರು

ಡಿಸೆಂಬರು ಹತ್ತರ ಹೊತ್ತಿಗೆ ಪಣಜಿಯ ಅಂಗಡಿಗಳೆಲ್ಲ
ಉಡುಗೊರೆಯ ಮುಖ ಹಾಕಿಕೊಳ್ಳುತ್ತವೆ.
ಗಾಜಿನಾಚೆ ಕಾಗದದ ನಕ್ಷತ್ರ, ಅದರ ಕೆಳಗೆ
ಪಾಸ್‌ಪೋರ್ಟಿಗೊಂದು ತೊಗಲಿನ ಅಂಗಿ,
ಹಲ್ಲುಜ್ಜುವ ಬ್ರಶ್ಶಿಗೊಂದು ಬಿದಿರಿನ ಮನೆ,
ನಾಲ್ಕು ಮಡಿಕೆಗೆ ಅಂಗೈಯಲ್ಲಿ ಅಡಗುವ ಚೀಲ,
'ಲೋಕ ಸುತ್ತು' ಎಂದು ಚಿನ್ನದಕ್ಷರ ಒತ್ತಿದ ಡೈರಿ.
ಲೋಕ ಸುತ್ತುವವರು ಯಾರೂ ಅದನ್ನು ಕೊಳ್ಳುವುದಿಲ್ಲ,
ಅವರಿಗೇನಾದರೂ ಕೊಡಲೇಬೇಕಾದ
ನನ್ನಂಥವರು ಕೊಳ್ಳುತ್ತೇವೆ.

ಇಂದುಮತಿಗೆ ಏನು ಕೊಡಲಿ?
ಹನ್ನೊಂದು ವರ್ಷದಿಂದ ಅವಳ ಸಂಸಾರ ಏಳು ಕಿಲೋ,
ಏರ್‌ಪೋರ್ಟಿನ ತಕ್ಕಡಿ ಒಪ್ಪಿದಷ್ಟು.
ಬಂದಾಗೊಮ್ಮೆ ನನ್ನ ಸೌಟು ಎತ್ತಿ ಹಿಡಿದು
"ಈ ಹಿಡಿಕಿ ಬೆರಳಿಗೆ ಬೈಲಿಕ್ಕತ್ತದ" ಎನ್ನುವವಳು.
ಹೂ ಕೊರೆದ ಟ್ರೇ ಕಂಡರೆ
ಹಲ್ಲುನೋವು ಬಂದವರ ಮುಖ.
ಹೋದ ಸಲ ಕೊಟ್ಟ ರೇಷ್ಮೆ ಸ್ಕಾರ್ಫನ್ನು
ಟಿಬಿಲಿಸಿಯಲ್ಲಿ ನಡುಗುತ್ತಿದ್ದ ನಾಯಿಗೆ ಕಟ್ಟಿ
ಫೋಟೋ ಕಳಿಸಿದ್ದಳು.
ನಾಯಿಗೆ ಚೆನ್ನಾಗಿಯೇ ಒಪ್ಪಿತ್ತು.

ಓಣಿ ಪೂರಾ ಮಧ್ಯಾಹ್ನದ ನಿದ್ದೆಯಲ್ಲಿತ್ತು,
ಕಾಯ್ತಾನನ ಅಂಗಡಿ ಮಾತ್ರ ಎಚ್ಚರ.
ಗೋಡೆ ತುಂಬ ನೀಲಿ ಬಿಲ್ಲೆಗಳು, ಸುಟ್ಟು ಹೊಳೆವ ಮಣ್ಣು:
ಹಡಗು, ಹುಂಜ, ಮೀನುಬುಟ್ಟಿಯ ಹೆಂಗಸು.
ಮೂಲೆಯಲ್ಲೊಂದಕ್ಕೆ ಬರೀ ಗೆರೆ,
ಗೆರೆಯೊಳಗೆ ಮೂವತ್ತೊಂದು.
ಯಾರದೋ ಮನೆ ನಂಬರು, ಒಯ್ಯಲು ಬಂದಿಲ್ಲ.
ಆ ಮೂರರ ಹೊಟ್ಟೆ ನೋಡುತ್ತ ನಿಂತುಬಿಟ್ಟೆ;
ಕುಂಚ ತುಸು ತಡೆದು ತಿರುಗಿದ ಜಾಗದಲ್ಲಿ
ನೀಲಿ ಕೊಂಚ ದಟ್ಟ.

"ಇಂಥದ್ದೇ ಒಂದು ಬೇಕು."
"ನಂಬರು?" ಎಂದ ಕಾಯ್ತಾನ್
ಕಿವಿಯ ಸಂದಿಯಿಂದ ಪೆನ್ಸಿಲು ತೆಗೆದು.

ಬಾಯಿ ತೆರೆದವಳು ಹಾಗೇ ಉಳಿದೆ.
ಹೋದ ತಿಂಗಳು ಹದಿನಾಲ್ಕು ಎ, ಕಿಟಕಿ ಸೀಟು.
ಅದಕ್ಕೂ ಮುಂಚೆ ನಾನೂರಾ ಆರು, ಲಿಫ್ಟು ಕೆಟ್ಟ ಹೋಟೆಲು.
ಎಸ್ ಏಳು, ಮೂವತ್ತೆರಡು, ಸೈಡ್ ಅಪ್ಪರ್.
ಹಾಸ್ಟೆಲಿನಲ್ಲಿ ನಾವಿಬ್ಬರೂ ಹತ್ತೊಂಬತ್ತು,
ಆ ಬಾಗಿಲಿಗೆ ಈಗ ಯಾರ ಬೀಗವೋ.

"ಮನೆ ಇಲ್ಲ ಅವಳಿಗೆ" ಅಂದೆ.
ಕನ್ನಡಕದ ಮೇಲಿಂದ ನೋಡಿದ.
ನಕ್ಕಿದ್ದರೆ ಎದ್ದು ಬರುತ್ತಿದ್ದೆ. ನಗಲಿಲ್ಲ.
"ಗೆರೆಗೆ ಮುನ್ನೂರು, ಅಂಕಿಗೆ ನೂರೈವತ್ತು.
ಅಂಕಿ ಬೇಡವಾದರೆ ಇನ್ನೂರು ಜಾಸ್ತಿ, ಬಾಯಿ.
ಭಟ್ಟಿಯಲ್ಲಿ ಬೂದಿಯ ಚುಕ್ಕೆ ಬಿದ್ದರೆ
ಅಂಕಿ ಮುಚ್ಚಿಕೊಳ್ಳುತ್ತದೆ.
ಖಾಲಿಗೆ ಮುಚ್ಚಲು ಏನಿದೆ?"

ಮೂರು ಕೆಟ್ಟವಂತೆ. ನಾಲ್ಕನೆಯದು
ಕೊಂಕಣಿ ಪೇಪರಿನಲ್ಲಿ ಸುತ್ತಿ ನನ್ನ ಕೈಗೆ ಬಂತು.
ಮನೆಗೆ ಬಂದವಳೇ ತೂಗಿದೆ: ಏಳುನೂರ ನಲವತ್ತು ಗ್ರಾಂ.
ಇದು ಹತ್ತಬೇಕೆಂದರೆ ಅವಳ ಚೀಲದಿಂದ
ಚಪ್ಪಲಿ ಇಳಿಯಬೇಕು, ಇಲ್ಲವೇ
ಚಾರ್ಜರೂ ಅವ್ವನ ಶಾಲೂ.
ಕೊಡುವ ಕೈಗೇನು ಗೊತ್ತು ಹೊರುವ ಹೆಗಲು.

ಹಿಂದಿನ ಕೋಣೆಯಲ್ಲಿ ಇಸ್ತ್ರಿ ಮೇಜು,
ಒಡೆದ ಫ್ಯಾನು, ಅವಳು ಬಂದಾಗ ಹಾಸುವ ಚಾಪೆ.
ಫ್ಯಾನು ಗುಜರಿಗೆ ಹಾಕಿದೆ.
ಪಕ್ಕದ ಮನೆಯ ಫೆಲಿಸಿಯಾನನ ಕರಣೆ ಕೇಳಿ ತಂದು
ಒಂದು ಹಿಡಿ ಸಿಮೆಂಟು ಕಲಸಿ
ಬಾಗಿಲ ಪಕ್ಕ ಒತ್ತಿ ಹಿಡಿದೆ,
ಒಂದರಿಂದ ಮುನ್ನೂರರವರೆಗೆ ಎಣಿಸುತ್ತ.

ಇಪ್ಪತ್ತಮೂರರ ರಾತ್ರಿ ಬಂದಳು.
ಚೀಲ ಇಳಿಸದೆ, ಹೆಬ್ಬೆರಳಿನಿಂದ ಗೆರೆ ಸವರಿದಳು
ನಾಲ್ಕೂ ಬದಿ.
ನಡುವಿನ ಬಿಳಿಯ ಮೇಲೆ ಬೆರಳು ಇಡಲಿಲ್ಲ.
ಥ್ಯಾಂಕ್ಸ್ ಅನ್ನಲಿಲ್ಲ, ನಾನೂ ಕಾಯಲಿಲ್ಲ.
"ಎಡಕ್ಕ ವಾಲ್ಯದ" ಅಂದಳು.

ಸಿಮೆಂಟು ಕಚ್ಚಿಯಾಗಿತ್ತು.

ಬೆಳಿಗ್ಗೆ ಚಹಾ ಹಿಡಿದು ಹೋದರೆ
ಬಾಗಿಲಲ್ಲಿ ನಿಂತು ಹಲ್ಲುಜ್ಜುತ್ತಿದ್ದಾಳೆ,
ತಲೆಯನ್ನು ಅಷ್ಟೇ, ಸರಿಯಾಗಿ ಅಷ್ಟೇ
ಎಡಕ್ಕೆ ವಾಲಿಸಿಕೊಂಡು.